ಚಳಿನಾಡಿನಲ್ಲಿ ಕಾರಿನ ಲೆಕ್ಕ

ನಮ್ಮ ಕಡೆ ಯಾರಾದರೂ ಹೊಸ ಗಾಡಿ ತಂದರೆ, ಪೂಜೆಯ ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಗುವ ಮೊದಲೇ ಪ್ರಶ್ನೆ ಬರುತ್ತದೆ: ‘ಮೈಲೇಜ್ ಎಷ್ಟು ಕೊಡುತ್ತೆ?’ ಬಣ್ಣ, ಬೆಲೆ, ಸೀಟು ಎಲ್ಲ ಆಮೇಲೆ. 35 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದ ನನಗೆ ಈ ಪ್ರಶ್ನೆ ಬಹಳ ಇಷ್ಟ. ಇದಕ್ಕೆ ಬಾಯಿಮಾತಿನ ಉತ್ತರ ನಡೆಯುವುದಿಲ್ಲ, ಲೆಕ್ಕವೇ ಬೇಕು. ನನ್ನ ಹಳೆಯ ಸ್ಕೂಟರಿಗೂ ಒಂದು ಪುಸ್ತಕ ಇಟ್ಟಿದ್ದೆ. ಪೆಟ್ರೋಲ್ ಹಾಕಿಸಿದ ದಿನ, ಲೀಟರ್, ಮೀಟರಿನ ಅಂಕಿ. ಮನೆಯವರು ನಗುತ್ತಿದ್ದರು, ನಗಲಿ.

ಆ ಅಭ್ಯಾಸ ಉಪಯೋಗಕ್ಕೆ ಬಂದದ್ದು ಅಮೆರಿಕದಲ್ಲಿ. ಸೊಸೆಯ ಎರಡನೆಯ ಬಾಣಂತನಕ್ಕೆಂದು ನಾನು, ನನ್ನ ಹೆಂಡತಿ ನವೆಂಬರಿನಲ್ಲಿ ಮಿನಿಯಾಪೊಲಿಸ್ ನಗರಕ್ಕೆ ಹೋಗಿದ್ದೆವು. ಅದು ಮಿನೆಸೋಟ ರಾಜ್ಯದಲ್ಲಿದೆ, ಕೆನಡಾದ ಗಡಿಗೆ ಹತ್ತಿರದ ರಾಜ್ಯ. ಜನವರಿಯಲ್ಲಿ ಅಲ್ಲಿನ ಕೆರೆಗಳು ಎಷ್ಟು ಗಟ್ಟಿಯಾಗುತ್ತವೆಂದರೆ ಜನ ಅವುಗಳ ಮೇಲೆ ಕಾರು ನಿಲ್ಲಿಸಿ, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾರೆ. ಮಗ ಹೇಳಿದಾಗ ನಂಬಿರಲಿಲ್ಲ, ಹೋಗಿ ನೋಡಿದ ಮೇಲೆ ನಂಬಿದೆ.

ನಾವು ಹೋಗುವುದಕ್ಕೆ ಎರಡು ತಿಂಗಳ ಹಿಂದೆ ಮಗ ಸಾಲ ಮಾಡಿ ಹೊಸ ಕಾರು ತೆಗೆದುಕೊಂಡಿದ್ದ. ಅಲ್ಲಿ ಮಾರಾಟಕ್ಕಿಟ್ಟ ಪ್ರತಿ ಹೊಸ ಕಾರಿನ ಕಿಟಕಿಗೂ ಸರ್ಕಾರದ ನಿಯಮದಂತೆ ಒಂದು ಚೀಟಿ ಅಂಟಿಸಿರುತ್ತಾರೆ. ಗ್ಯಾಲನ್‌ಗೆ ಎಷ್ಟು ಮೈಲಿ ಎಂದು ಅದರಲ್ಲಿ ದೊಡ್ಡದಾಗಿ ಬರೆದಿರುತ್ತದೆ. ಇವನ ಕಾರಿಗೆ 28 ಅಂತ ಇತ್ತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 12 ಕಿಲೋಮೀಟರ್. ಜನವರಿಯ ಒಂದು ಟ್ಯಾಂಕಿನ ಲೆಕ್ಕ ನೋಡಿದರೆ 13 ಗ್ಯಾಲನ್‌ಗೆ 273 ಮೈಲಿ. ಭಾಗಿಸಿ ನೋಡಿ ಮಕ್ಕಳೇ, ಸರಿಯಾಗಿ 21. ಹೇಳಿದ್ದರಲ್ಲಿ ಕಾಲು ಭಾಗ ಮಾಯ.

ಸೊಸೆ ಸಂಬಳವಿಲ್ಲದ ರಜೆಯಲ್ಲಿದ್ದಳು. ಕಾರಿನ ಕಂತು, ಮನೆಯ ಕಂತು, ಹೊಸ ಕೂಸಿನ ಖರ್ಚು ಎಲ್ಲ ಒಂದೇ ಸಂಬಳದ ಮೇಲೆ. ಮಗನ ಮುಖ ಸಪ್ಪಗಾಯಿತು. ‘ಗಾಡಿಯಲ್ಲೇ ದೋಷ ಇದೆ, ನಷ್ಟವಾದರೂ ಸರಿ ಮಾರಿಬಿಡುತ್ತೇನೆ’ ಎಂದ. ಇನ್ನೊಂದು ದಿನ, ಚಳಿಗಾಲದ ಟೈರು ಪೆಟ್ರೋಲ್ ಕುಡಿಯುತ್ತದೆ ಅಂತ ಯಾರೋ ಹೇಳಿದರೆಂದು, ಅದನ್ನು ಬಿಚ್ಚಿ ಹಳೆಯದನ್ನೇ ಹಾಕುವ ಮಾತು ತೆಗೆದ. ಸೊಸೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡೇ ‘ಅದೊಂದು ಮಾತ್ರ ಆಗುವುದಿಲ್ಲ’ ಎಂದಳು. ಮನೆಯಲ್ಲಿ ಎರಡು ದಿನ ಮಾತು ಕಡಿಮೆಯಾಯಿತು.

ಮೂರನೆಯ ದಿನ ನಾನು ಹನ್ನೊಂದು ವರ್ಷದ ಮೊಮ್ಮಗಳನ್ನು ಕರೆದು ಒಂದು ನೋಟುಪುಸ್ತಕ ಕೇಳಿದೆ.

ಮೈಲೇಜ್ ಅಂದರೆ ಒಂದು ಭಾಗಾಕಾರ. ಮೇಲೆ ದೂರ, ಕೆಳಗೆ ಪೆಟ್ರೋಲ್. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ಖರ್ಚಿನ ಕಡೆ ಮಾತ್ರ ಹುಡುಕುವುದಿಲ್ಲ, ಜಮೆಯ ಕಡೆಯೂ ನೋಡುತ್ತೇವೆ. ಎಲ್ಲರೂ ಪೆಟ್ರೋಲ್ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ದೂರವನ್ನು ಎಣಿಸಿದವರು ಯಾರು, ಸರಿಯಾಗಿ ಎಣಿಸಿದರೇ ಎಂದು ಯಾರೂ ಕೇಳುವುದಿಲ್ಲ.

ದೂರ ಎಣಿಸುವುದು ಚಕ್ರದ ಸುತ್ತುಗಳಿಂದ. ಚಕ್ರ ಒಮ್ಮೆ ಸುತ್ತಿದರೆ ಇಷ್ಟು ದೂರ ಎಂದು ಕಾರ್ಖಾನೆಯಲ್ಲೇ ಕಾರಿಗೆ ಹೇಳಿಕೊಟ್ಟಿರುತ್ತಾರೆ. ಟೈರು ಬದಲಾದರೂ ಕಾರಿಗೆ ಅದು ಗೊತ್ತಾಗುವುದಿಲ್ಲ, ಹಳೆಯ ಲೆಕ್ಕವನ್ನೇ ಹಾಕುತ್ತದೆ. ಇವನ ಚಳಿಗಾಲದ ಟೈರುಗಳು ಪರಿಚಯದವರಿಂದ ಅರ್ಧ ಬೆಲೆಗೆ ಕೊಂಡ ಹಳೆಯವು. ಕಾರಿನ ಜೊತೆ ಬಂದ ಟೈರುಗಳು ಗ್ಯಾರೇಜಿನ ಮೂಲೆಯಲ್ಲಿದ್ದವು. ಮೊಮ್ಮಗಳು ಟಾರ್ಚ್ ಹಿಡಿದು ಎರಡರ ಮೇಲಿನ ಬರಹವನ್ನೂ ಓದಿದಳು. ಮೂಲದ್ದು 225/65 ಆರ್ 17. ಈಗ ಹಾಕಿದ್ದು 235/65 ಆರ್ 17.

ಈ ಬರಹ ಓದುವುದು ಸುಲಭ. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು, ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು. ಕೊನೆಯ 17 ಒಳಗಿನ ಲೋಹದ ಚಕ್ರದ ವ್ಯಾಸ, ಇಂಚಿನಲ್ಲಿ. 225ರ ಶೇಕಡಾ 65 ಎಂದರೆ 146.25. ಗೋಡೆ ಮೇಲೊಂದು, ಕೆಳಗೊಂದು ಇರುವುದರಿಂದ ಎರಡರಷ್ಟು, 292.5. ಅದಕ್ಕೆ 17 ಇಂಚು, ಅಂದರೆ 431.8 ಮಿಲಿಮೀಟರ್ ಸೇರಿಸಿದರೆ ಪೂರ್ತಿ ವ್ಯಾಸ 724.3. ಇದೇ ರೀತಿ ದೊಡ್ಡ ಟೈರಿನದು ಮಾಡಿದರೆ 737.3. ವ್ಯತ್ಯಾಸ 13 ಮಿಲಿಮೀಟರ್, ನಮ್ಮ ಕಿರುಬೆರಳಿನ ದಪ್ಪ! ಆದರೆ ಸುತ್ತಳತೆಯಲ್ಲಿ ಅದು ಶೇಕಡಾ 1.8 ಆಗುತ್ತದೆ. ಕಾರು ನಿಜವಾಗಿ 100 ಮೈಲಿ ಓಡಿದರೆ ಮೀಟರು 98.2 ಎಂದು ಬರೆದುಕೊಳ್ಳುತ್ತದೆ.

ಕಾಗದದ ಲೆಕ್ಕವನ್ನು ನಂಬಿ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಒಂದು ಭಾನುವಾರ ಮಗ ಸೇಂಟ್ ಕ್ಲೌಡ್ ಕಡೆ ಹೊರಟಾಗ ನಾವಿಬ್ಬರೂ ಜೊತೆಗೆ ಹತ್ತಿದೆವು. ಆ ದೊಡ್ಡ ಹೆದ್ದಾರಿಯ ಬದಿಯಲ್ಲಿ ಮೈಲಿಗೊಂದು ಹಸಿರು ಫಲಕ, ನಮ್ಮ ಹಳೆಯ ಮೈಲಿಗಲ್ಲಿನ ಹಾಗೆ. ಪಶ್ಚಿಮಕ್ಕೆ ಹೋದಂತೆ ಸಂಖ್ಯೆ ಇಳಿಯುತ್ತದೆ. ಮೊಮ್ಮಗಳು ಕಿಟಕಿಗೆ ಮೂಗು ಒತ್ತಿ ಎಣಿಸಿದಳು. ಫಲಕಗಳಲ್ಲಿ 50 ಮೈಲಿ ಆದಾಗ ಕಾರಿನ ಮೀಟರಿನಲ್ಲಿ 49.1. ಅವಳು ಕೂಗಿದ ಕೂಗಿಗೆ ಮಗ ಬೆಚ್ಚಿಬಿದ್ದ.

ಹಾಗಾಗಿ ಆ 273 ಮೈಲಿ ನಿಜವಾಗಿ 278. ಮೈಲೇಜ್ 21 ಅಲ್ಲ, 21.4. ಸಣ್ಣ ಮೊತ್ತ, ನಿಜ. ಆದರೆ ಕಳೆದುಹೋದ ಹಣವೇ ಬೇರೆ, ಪುಸ್ತಕಕ್ಕೆ ಬರೆಯದೇ ಬಿಟ್ಟ ಹಣವೇ ಬೇರೆ. ಇದರಲ್ಲಿ ಇನ್ನೊಂದು ವಿಷಯವೂ ಇದೆ. ದೊಡ್ಡ ಟೈರು ಹಾಕಿದರೆ ವೇಗದ ಮುಳ್ಳೂ ಕಡಿಮೆ ತೋರಿಸುವ ಕಡೆಗೆ ವಾಲುತ್ತದೆ. ನಮ್ಮೂರಿನಲ್ಲಿ ಅಂದಕ್ಕೆಂದು ಮೂರು ನಾಲ್ಕು ಇಂಚು ದೊಡ್ಡ ಚಕ್ರ ಹಾಕಿಸಿ ಮೆರೆಯುವ ಹುಡುಗರು ಇದನ್ನು ಯೋಚಿಸುವುದಿಲ್ಲ. ಅಗಲದ, ಭಾರದ ಟೈರನ್ನು ಉರುಳಿಸಲು ಎಂಜಿನ್ ಹೆಚ್ಚು ದುಡಿಯಬೇಕು, ಅದಕ್ಕೆ ಪೆಟ್ರೋಲೂ ಹೆಚ್ಚು.

ಆ ಪ್ರಯಾಣದಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹೆದ್ದಾರಿಯಲ್ಲಿ ಒಂದೇ ಸಮ ಓಡಿದ ಮೇಲೆ ಕಾರಿನ ಪರದೆ 25ಕ್ಕಿಂತ ಹೆಚ್ಚು ಮೈಲೇಜ್ ತೋರಿಸಿತು. ಅದೇ ಕಾರು, ಅದೇ ಟೈರು, ಅದೇ ಚಳಿ. ಗಾಡಿಯಲ್ಲಿ ದೋಷವಿದ್ದರೆ ಇದು ಹೇಗೆ ಸಾಧ್ಯ?

ಇದನ್ನು ಮೊಮ್ಮಗಳಿಗೆ ಬಿಡಿಸಿ ಹೇಳಿದ್ದು ನಾನಲ್ಲ, ಅವಳ ಅಜ್ಜಿ. ಮೊದಲ ದೋಸೆ ಯಾಕೆ ಸರಿಯಾಗಿ ಏಳುವುದಿಲ್ಲ? ಕಾವಲಿ ಕಾದಿರುವುದಿಲ್ಲ. ಕಾವಲಿ ಕಾಯಿಸುವುದಕ್ಕೇ ಎಷ್ಟೋ ಗ್ಯಾಸ್ ಖರ್ಚಾಗಿರುತ್ತದೆ. ಹತ್ತು ದೋಸೆ ಹುಯ್ದರೆ ಆ ಖರ್ಚು ಹಂಚಿಹೋಗುತ್ತದೆ. ಒಂದೇ ದೋಸೆ ಹುಯ್ದು ಒಲೆ ಆರಿಸಿದರೆ? ಮಗ ಮನೆಯಿಂದಲೇ ಕೆಲಸ ಮಾಡುವವನು. ಶಾಲೆಗೆ ಹಳದಿ ಬಸ್ಸು ಬರುತ್ತದೆ. ಕಾರು ಓಡುವುದೆಲ್ಲ ಅಂಗಡಿಗೆ 2 ಮೈಲಿ, ಈಜಿನ ತರಗತಿಗೆ 3 ಮೈಲಿ, ಮಗುವಿನ ಡಾಕ್ಟರ ಬಳಿಗೆ 4 ಮೈಲಿ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಊರು ಬಂತು. ಪ್ರತಿ ಸಲವೂ ಮೊದಲ ದೋಸೆಯೇ.

ಡಿಸೆಂಬರಿನಲ್ಲಿ ನಮ್ಮ ಮನೆಯ ಕೊಬ್ಬರಿ ಎಣ್ಣೆ ಗಟ್ಟಿಯಾಗುವುದನ್ನು ನೀವು ನೋಡಿದ್ದೀರಿ. ಅಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಗೆ ಎಂಜಿನ್ ಎಣ್ಣೆ, ಗೇರಿನ ಎಣ್ಣೆ ಮಂದವಾಗುತ್ತವೆ. ಒಳಗಿನ ಭಾಗಗಳು ಅದನ್ನು ಕಲಸಿಕೊಂಡೇ ತಿರುಗಬೇಕು. ತಣ್ಣಗಿನ ಪೆಟ್ರೋಲ್ ಬೇಗ ಆವಿಯಾಗುವುದಿಲ್ಲ, ಹಾಗಾಗಿ ಶುರುವಿನಲ್ಲಿ ಹೆಚ್ಚು ಸುರಿಯಬೇಕು. ನಾವು ಸ್ಕೂಟರಿನಲ್ಲಿ ಚೋಕ್ ಎಳೆಯುತ್ತಿದ್ದುದು ಅದಕ್ಕೇ (ಚೋಕ್ ಅಂದರೇನೆಂದು ನಿಮ್ಮ ತಾತನನ್ನು ಕೇಳಿ, ಸಂತೋಷಪಟ್ಟು ಅರ್ಧ ಗಂಟೆ ಹೇಳುತ್ತಾರೆ). ಸೀಟು ಬಿಸಿ ಮಾಡಲು, ಗಾಜಿನ ಹಿಮ ಕರಗಿಸಲು ವಿದ್ಯುತ್ತು ಬೇಕು. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಅದು ನಮ್ಮ 25 ಡಿಗ್ರಿಯ ಗಾಳಿಗಿಂತ ಸುಮಾರು ಶೇಕಡಾ 18ರಷ್ಟು ಹೆಚ್ಚು ದಟ್ಟ. ಅದನ್ನು ಸೀಳಿಕೊಂಡು ಕಾರು ಹೋಗಬೇಕು. ಚಳಿಗಾಲದಲ್ಲಿ ಬಂಕಿಗೆ ಬರುವ ಪೆಟ್ರೋಲೇ ಬೇರೆ. ಸುಲಭವಾಗಿ ಹೊತ್ತಿಕೊಳ್ಳುವಂತೆ ಅದರ ಮಿಶ್ರಣ ಬದಲಿಸುತ್ತಾರೆ, ಅದರಿಂದ ಗ್ಯಾಲನ್‌ನಲ್ಲಿರುವ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ.

ಅಮೆರಿಕದ ಇಂಧನ ಇಲಾಖೆಯೇ ಕೊಡುವ ಅಂದಾಜನ್ನು ಮೊಮ್ಮಗಳು ಹುಡುಕಿ ತೆಗೆದಳು. ಊರೊಳಗಿನ ಓಡಾಟದಲ್ಲಿ 25 ಡಿಗ್ರಿಗೆ ಹೋಲಿಸಿದರೆ ಸೊನ್ನೆಗಿಂತ 7 ಡಿಗ್ರಿ ಕೆಳಗೆ ಮೈಲೇಜ್ ಸುಮಾರು ಶೇಕಡಾ 15 ಇಳಿಯುತ್ತದೆ. ಮೂರು ನಾಲ್ಕು ಮೈಲಿಯ ಸಣ್ಣ ಓಡಾಟಗಳಲ್ಲಿ ಶೇಕಡಾ 24ರವರೆಗೂ ಇಳಿಯಬಹುದು. 28ರಿಂದ 21.4ಕ್ಕೆ ಇಳಿದದ್ದು ಎಷ್ಟು? ಅವಳೇ ಲೆಕ್ಕ ಮಾಡಿ ಅಪ್ಪನ ಮುಂದೆ ಹಿಡಿದಳು, ಶೇಕಡಾ 23.6. ಜೊತೆಗೆ ಹೊಸ ಎಂಜಿನ್ ಪೂರ್ತಿ ಪಳಗಲು ಮೂರರಿಂದ ಐದು ಸಾವಿರ ಮೈಲಿ ಬೇಕಾಗಬಹುದಂತೆ. ಇವನದು ಇನ್ನೂ ಎರಡು ಸಾವಿರ ದಾಟಿರಲಿಲ್ಲ. ಕಾರು ಮಾರುವ ಮಾತು ಅಂದೇ ನಿಂತಿತು.

ಉಳಿತಾಯದ ದಾರಿ ಇಲ್ಲವೇ? ಇತ್ತು. ಟೈರಿನ ಗಾಳಿ ನೋಡಿದೆವು. ಅಂದ ಹಾಗೆ, ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಡನ್‌ಲಪ್ ಎಂಬಾತ ಬೆಲ್‌ಫಾಸ್ಟಿನ ಪಶುವೈದ್ಯ. ತನ್ನ ಪುಟ್ಟ ಮಗನ ಮೂರು ಗಾಲಿಯ ಸೈಕಲ್ಲು ಕುಲುಕಾಡದಿರಲಿ ಎಂದು ಮಾಡಿ, 1888ರಲ್ಲಿ ಪೇಟೆಂಟ್ ಪಡೆದ. ಮಗನ ಟೈರಿಗೆ ನವೆಂಬರಿನಲ್ಲಿ ಬೆಚ್ಚಗಿನ ಅಂಗಡಿಯೊಳಗೆ 35 ಪೌಂಡ್ ಗಾಳಿ ತುಂಬಿಸಿದ್ದರು. ಜನವರಿಯ ಬೆಳಿಗ್ಗೆ ಗ್ಯಾರೇಜಿನೊಳಗೇ ಸೊನ್ನೆಗಿಂತ 14 ಡಿಗ್ರಿ ಕೆಳಗಿದ್ದಾಗ ಅಳೆದರೆ 29. ಎಲ್ಲೂ ತೂತಿಲ್ಲ, ಚಳಿಗೆ ಗಾಳಿ ಮುದುಡಿಕೊಂಡಿದೆ ಅಷ್ಟೆ. ಐದೂವರೆ ಡಿಗ್ರಿ ಇಳಿದರೆ ಸುಮಾರು ಒಂದು ಪೌಂಡ್ ಇಳಿಯುತ್ತದೆ. ಎಚ್ಚರಿಸುವ ದೀಪ ಏಕೆ ಹತ್ತಲಿಲ್ಲ ಎಂದು ಮಗ ಕೇಳಿದ. ಆ ದೀಪ ಹತ್ತುವುದು ಗಾಳಿ ಕಾಲು ಭಾಗ ಇಳಿದ ಮೇಲೆ, ಅಂದರೆ ಸುಮಾರು 26ಕ್ಕೆ. ಅಲ್ಲಿಯವರೆಗೆ ಅದು ಕಣ್ಣುಮುಚ್ಚಿ ಕೂತಿರುತ್ತದೆ. ಮತ್ತೆ 35 ತುಂಬಿದೆವು.

ಇನ್ನೊಂದು ಬಾಬ್ತು ಸ್ವಲ್ಪ ಸೂಕ್ಷ್ಮದ್ದು. ಪ್ರತಿ ಸಲ ಹೊರಡುವ ಮೊದಲು ಮಗ ಕಾರನ್ನು ಹೊರಗೆ ನಿಲ್ಲಿಸಿ ಹತ್ತು ನಿಮಿಷ ಎಂಜಿನ್ ಓಡಿಸಿ ಬಿಸಿ ಮಾಡುತ್ತಿದ್ದ. (ಮುಚ್ಚಿದ ಗ್ಯಾರೇಜಿನಲ್ಲಿ ಹಾಗೆ ಮಾಡಬಾರದು, ವಿಷಾನಿಲ ತುಂಬಿ ಪ್ರಾಣಕ್ಕೇ ಅಪಾಯ.) ನಿಂತ ಕಾರಿನ ಮೈಲೇಜ್ ಸೊನ್ನೆ. ದಿನಕ್ಕೆ ಎರಡು ಸಲ, ತಿಂಗಳಿಗೆ ಇಪ್ಪತ್ತನಾಲ್ಕು ದಿನ ಎಂದು ಹಿಡಿದರೆ 8 ಗಂಟೆ. ಗಂಟೆಗೆ ಕಾಲು ಗ್ಯಾಲನ್‌ನಿಂದ ಅರ್ಧ ಗ್ಯಾಲನ್ ಉರಿಯುತ್ತದೆ, ಒಟ್ಟು 2ರಿಂದ 4 ಗ್ಯಾಲನ್. ಈಗಿನ ಎಂಜಿನ್‌ಗಳಿಗೆ ಅರ್ಧ ನಿಮಿಷ ಸಾಕು, ನಿಧಾನವಾಗಿ ಓಡಿಸಿದರೆ ಇನ್ನೂ ಬೇಗ ಬಿಸಿಯಾಗುತ್ತವೆ. ನಾನು ಆ ಸಾಲಿಗೆ ಕೆಂಪು ಗೆರೆ ಎಳೆದೆ.

ಹೆಂಡತಿ ಪುಸ್ತಕ ಕಸಿದುಕೊಂಡಳು. ‘ಕೂಸಿಗೆ ದಪ್ಪ ಕೋಟು ಹಾಕಿ ಕಾರಿನ ಸೀಟಿನಲ್ಲಿ ಕಟ್ಟಬಾರದು ಅಂತ ಆಸ್ಪತ್ರೆಯಲ್ಲಿ ಹೇಳಿಲ್ಲವೇ? ಪಟ್ಟಿ ಸಡಿಲವಾಗುತ್ತದಂತೆ. ತೆಳು ಬಟ್ಟೆಯಲ್ಲಿ ಈ ಚಳಿಯ ಕಾರಿಗೆ ಹಾಕುತ್ತೀರಾ ಎರಡು ತಿಂಗಳ ಮಗುವನ್ನ?’ ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ ಒಪ್ಪಂದವಾಯಿತು. ಕೂಸು ಬರುವ ದಿನ ಕಾರು ಬೆಚ್ಚಗಿರಬೇಕು. ತಾತ ದೇವಸ್ಥಾನಕ್ಕೆ ಹೋಗುವ ದಿನ ತಾತ ಎರಡು ಸ್ವೆಟರ್ ಹಾಕಿಕೊಳ್ಳಬೇಕು! ಅಂಗಡಿ, ಈಜು, ಗ್ರಂಥಾಲಯ ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸುವುದೆಂದು ಸೊಸೆ ಸೇರಿಸಿದಳು. ಬಿಸಿಯಾದ ಕಾವಲಿಯ ಮೇಲೆ ಮೂರು ದೋಸೆ.

ಚಳಿಗಾಲದ ಟೈರು ಮಾತ್ರ ಉಳಿಯಿತು. ಅದು ಸ್ವಲ್ಪ ಹೆಚ್ಚು ಪೆಟ್ರೋಲ್ ಕೇಳುವುದು ಸುಳ್ಳಲ್ಲ. ಆದರೆ 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರ್ ಗಟ್ಟಿಯಾಗುತ್ತಾ ಹೋಗಿ ರಸ್ತೆಯ ಹಿಡಿತ ಬಿಡುತ್ತದೆ. ಚಳಿಗಾಲದ ಟೈರಿನ ರಬ್ಬರ್ ಮೆತ್ತಗೇ ಇರುತ್ತದೆ. ಫೆಬ್ರವರಿಯಲ್ಲಿ ಕೂಸಿನ ಚುಚ್ಚುಮದ್ದಿಗೆ ಹೋಗುವಾಗ ಮುಂದಿದ್ದ ಕಾರು ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದರೂ ನಿಲ್ಲದೆ, ಅಡ್ಡಡ್ಡ ಜಾರಿ ಹಿಮದ ಗುಡ್ಡೆಗೆ ಹೋಗಿ ಕೂತಿತು. ಯಾರಿಗೂ ಏನೂ ಆಗಲಿಲ್ಲ. ನಮ್ಮದು ನಿಂತಿತು. ಮನೆಗೆ ಬಂದ ಮೇಲೆ ಮಗ ಟೈರಿನ ಮಾತು ಮತ್ತೆ ತೆಗೆಯಲಿಲ್ಲ.

ನಾವು ಏಪ್ರಿಲಿನಲ್ಲಿ ಊರಿಗೆ ಮರಳಿದೆವು. ಮೊಮ್ಮಗಳು ಪುಸ್ತಕ ಮುಂದುವರಿಸಿದ್ದಾಳೆ. ಮೂಲ ಟೈರು ಹಾಕಿಸಿ, ಊರು ಬೆಚ್ಚಗಾದ ಮೇಲೆ ಜೂನಿನಲ್ಲಿ ಕಳಿಸಿದ ಅಂಕಿ 27.4. ಇದರಲ್ಲಿ ಟೈರಿನ ಪಾಲೆಷ್ಟು, ಬಿಸಿಲಿನದೆಷ್ಟು, ಎಂಜಿನ್ ಪಳಗಿದ್ದರದೆಷ್ಟು ಎಂದು ಬೇರೆ ಮಾಡಿ ಹೇಳು ತಾತ, ಎಂದು ಕೇಳಿದ್ದಾಳೆ. ಈ ಚಳಿಗಾಲಕ್ಕೆ ಮಗ ಹೊಸ ಚಳಿ ಟೈರು ಕೊಳ್ಳುತ್ತಾನಂತೆ, 225/65 ಅಳತೆಯದೇ. ಆ ಜನವರಿಯ ಅಂಕಿ ಬರಲಿ, ಆಗ ಹೇಳುತ್ತೇನೆ ಎಂದಿದ್ದೇನೆ.