ರಾಜ ಬೇಕಾ ಅಂತ ಅಜ್ಜಿಯನ್ನು ಯಾರೂ ಕೇಳಲಿಲ್ಲ

ಮೆಲ್ಬರ್ನ್‌ನಿಂದ ರಜೆಗೆ ಬಂದಿದ್ದ ಚಿಕ್ಕಪ್ಪನ ಮಗನ ಜೊತೆ ತೀರ್ಥಹಳ್ಳಿಯಿಂದ ಸಾಗರಕ್ಕೆ ಹೊರಟಿದ್ದೆ. ಆರಗದಲ್ಲಿ ಕಾಫಿ ಕುಡೀತಾ ಅವನೊಂದು ಪ್ರಶ್ನೆ ಎತ್ತಿದ. “1999ರಲ್ಲಿ ಆಸ್ಟ್ರೇಲಿಯಾದಲ್ಲಿ ರಾಣಿ ಸಾಕು, ಗಣರಾಜ್ಯ ಆಗೋಣ್ವಾ ಅಂತ ಜನಮತಗಣನೆ ಮಾಡಿದ್ರು. ಶೇ. 55ರಷ್ಟು ಜನ ಬೇಡ ಅಂದ್ರು. ನಮ್ಮ ಮೈಸೂರು ಮಹಾರಾಜರ ವಿಷಯದಲ್ಲಿ ಯಾರು ಓಟು ಹಾಕಿದ್ರು?”

ಯಾರೂ ಹಾಕಿರಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಯಿತು, ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರ್ ಭಾರತದ ಸಂವಿಧಾನವನ್ನೇ ಒಪ್ಪಿ ಘೋಷಣೆ ಹೊರಡಿಸಿದರು. ಅಷ್ಟೇ.

ಹಾಗಂತ ಮಲೆನಾಡು ಬಾಯಿ ಮುಚ್ಚಿ ಕೂತಿರಲಿಲ್ಲ. ಹೊಸನಗರ ತಾಲ್ಲೂಕಿನ ನಗರದ ಕೋಟೆ ಹತ್ತಿದಾಗ ಅದು ನೆನಪಾಯಿತು. ಶಿವಪ್ಪ ನಾಯಕನ ಬಿದನೂರು ಇದೇ. 1830ರಲ್ಲಿ ಈ ಸೀಮೆಯ ರೈತರು ಕೂಟ ಕಟ್ಟಿ, ಕಂದಾಯ ಕೊಡಲ್ಲ ಅಂದರು. ದಂಗೆ ಹಬ್ಬಿತು. ಅದನ್ನೇ ಕಾರಣ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತ ಕಿತ್ತುಕೊಂಡರು; ಅದು ಅರಮನೆಗೆ ಮರಳಿದ್ದು 50 ವರ್ಷದ ಮೇಲೆ. ರೈತರು ಕೇಳಿದ್ದು ನ್ಯಾಯ, ಸಿಕ್ಕಿದ್ದು ಇನ್ನೊಬ್ಬ ದೊರೆ.

ಸಾಗರದ ಹತ್ತಿರ ಕಾಗೋಡು. ಗಣರಾಜ್ಯ ಬಂದು ವರ್ಷವಾದರೂ ಇಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ಒಡೆಯರದ್ದೇ ಆಗಿತ್ತು. 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಮೊದಲ ಚುನಾವಣೆ. ಆರಗದಲ್ಲಿ ಹುಟ್ಟಿದ ಶಾಂತವೇರಿ ಗೋಪಾಲಗೌಡರನ್ನು ಸಾಗರ–ಹೊಸನಗರದ ಜನ ವಿಧಾನಸಭೆಗೆ ಕಳಿಸಿದರು.

ಅವತ್ತು ಓಟು ಹಾಕಿದವರಲ್ಲಿ ಗೇಣಿ ಮನೆಯ ನಮ್ಮ ಅಜ್ಜಿಯೂ ಒಬ್ಬಳು. ರಾಜರ ಕಾಲದಲ್ಲಿ ಓಟಿದ್ದದ್ದು ಆಸ್ತಿ, ತೆರಿಗೆ ಇದ್ದವರಿಗೆ. “ಒಡೆಯರಿಗೂ ಒಂದೇ ಓಟು, ನಂಗೂ ಒಂದೇ ಕಣಾ” ಅಂತ ಸಾಯೋವರೆಗೂ ಹೇಳ್ತಿದ್ದಳು.

“ನೀನು ಹೋದ ಸಲ ಓಟು ಹಾಕಿದ್ಯಾ?” ಅಂತ ತಮ್ಮ ಕೇಳಿದ. ಅವನ ಊರಲ್ಲಿ ಹಾಕದಿದ್ರೆ ದಂಡವಂತೆ.

ನಾನು ಹಾಕಿರಲಿಲ್ಲ. ಬಸ್ ಟಿಕೆಟ್ ದುಬಾರಿ ಅಂತ ಬೆಂಗಳೂರಲ್ಲೇ ಮಲಗಿದ್ದೆ. ಅಜ್ಜಿ ಮನೆಯ ಜಗಲಿಯಲ್ಲಿ ಕೂತು ಅದನ್ನು ಹೇಳೋಕೆ ನಾಚಿಕೆಯಾಯಿತು. ನನ್ನ ಹೆಸರು ಇನ್ನೂ ಸಾಗರದ ಪಟ್ಟಿಯಲ್ಲೇ ಇದೆ. ಮುಂದಿನ ಸಲ ಟಿಕೆಟ್ ಎಷ್ಟೇ ಆಗಲಿ, ಬರ್ತೀನಿ.