ಎಂಗೇಜ್ ಟೋನು

2002ರಲ್ಲಿ ನಾನೊಂದು ಹಳೆಯ ಲ್ಯಾಪ್‌ಟಾಪ್ ಕೊಂಡೆ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಸಿ.ಡಿ.ಯಿಂದ ಅದಕ್ಕೆ ಲಿನಕ್ಸ್ ಹಾಕಿದೆ. ಪರದೆ ಬಂತು, ಸದ್ದು ಬಂತು; ಮೋಡೆಮ್ ಮಾತ್ರ ಸತ್ತಂತೆ ಬಿದ್ದಿತ್ತು.

ವಿಚಾರಿಸಿದಾಗ ತಿಳಿಯಿತು, ಅದು ಅರ್ಧ ಮೋಡೆಮ್ ಅಂತ. ಅಕ್ಷರಗಳನ್ನು ಸದ್ದಾಗಿಸಿ ತಂತಿಗೆ ಬಿಡುವ ಕೆಲಸವನ್ನು ನಿಜವಾದ ಮೋಡೆಮ್ ತಾನೇ ಮಾಡುತ್ತದೆ. ದುಡ್ಡು ಉಳಿಸಲು ತಯಾರಿಸಿದ ಈ ಜಾತಿ ಆ ದುಡಿಮೆಯನ್ನೆಲ್ಲ ಕಂಪ್ಯೂಟರಿನ ತಲೆಗೇ ಕಟ್ಟುತ್ತದೆ. ಅದಕ್ಕೆ ಬೇಕಾದ ತಂತ್ರಾಂಶವನ್ನು ಕಂಪನಿಯವರು ವಿಂಡೋಸಿಗೆ ಮಾತ್ರ ಬರೆದಿದ್ದರು. 'ವಿನ್‌ಮೋಡೆಮ್' ಎಂಬ ಅಡ್ಡಹೆಸರು ಬಂದದ್ದು ಹಾಗೆ.

ಯಾರೋ ಪುಣ್ಯಾತ್ಮರು ಲಿನಕ್ಸಿಗೂ ಒಂದು ಡ್ರೈವರ್ ಹೊಂದಿಸಿದ್ದರು. ಶಿವಮೊಗ್ಗದ ಸೈಬರ್ ಕೆಫೆಯಿಂದ ಅದನ್ನು ಫ್ಲಾಪಿಯಲ್ಲಿ ತಂದರೆ, ಕರ್ನಲ್‌ನ ಆವೃತ್ತಿ ತಾಳೆಯಾಗಲಿಲ್ಲ. ಮತ್ತೆ ಹೋದೆ, ಮತ್ತೆ ತಂದೆ. ಮೂರನೆಯ ಸಂಜೆ 'ಎ.ಟಿ.' ಎಂದು ಬರೆದು ಒತ್ತಿದರೆ ಪರದೆಯಲ್ಲಿ 'ಓಕೆ' ಎಂದು ಮೂಡಿತು. ಕೋಮಾದಲ್ಲಿದ್ದವರು ಕಣ್ಣು ಬಿಟ್ಟಷ್ಟು ಸಂತೋಷ.

ಆದರೆ ನಂಬರು ಕೊಟ್ಟರೆ 'ನೋ ಡಯಲ್‌ಟೋನ್' ಎಂಬ ಉತ್ತರ. ರಿಸೀವರ್ ಎತ್ತಿದರೆ ನನ್ನ ಕಿವಿಗೆ ಟೋನು ಸ್ಪಷ್ಟವಾಗಿ ಕೇಳುತ್ತಿತ್ತು! ಒಂದೊಂದು ದೇಶದ ಟೋನು ಒಂದೊಂದು ಬಗೆ. ಈ ಯಂತ್ರ ಬೇರೆಲ್ಲಿಯದಕ್ಕೋ ಕಾದು ಕೂತಿತ್ತು. 'ಎಕ್ಸ್ 3' ಎಂದು ಆಜ್ಞೆ ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದಂತೆ. ಕೊಟ್ಟೆ. ಕಿರ್ರೆಂದಿತು, ಗೊರಗೊರ ಅಂದಿತು, ಸಂಪರ್ಕ ಸಿಕ್ಕಿತು. ರಾತ್ರಿ ಒಂಬತ್ತು ಗಂಟೆ. ಮೇಲೇಳಲು ಮನಸ್ಸೇ ಬರಲಿಲ್ಲ.

ಹನ್ನೊಂದೂವರೆಗೆ ಪಕ್ಕದ ಮನೆಯ ಮೇಷ್ಟ್ರು ಬಾಗಿಲು ಬಡಿದರು. "ನಿಮ್ಮ ಫೋನಿಗೇನಾಗಿದೆಯಪ್ಪಾ? ಹುಬ್ಬಳ್ಳಿಯಿಂದ ನಿಮ್ಮ ಭಾವ ಆಗಿನಿಂದ ಮಾಡ್ತಾನೇ ಇದ್ದಾರಂತೆ."

ಅಕ್ಕನಿಗೆ ಎರಡನೆಯ ಹೆರಿಗೆ. ದಿನ ಇನ್ನೂ ಇದೆಯೆಂದು ಅಮ್ಮ ಮುಂದಿನ ವಾರ ಹೊರಡುವವರಿದ್ದರು. ಅಂದು ಸಂಜೆಯೇ ನೋವು ಬಂದು, ಆಪರೇಷನ್ ಆಗಲೇಬೇಕೆಂದು ಡಾಕ್ಟರು ಹೇಳಿದ್ದರು. ಒಳಗೆ ಹೋಗುವ ಮುಂಚೆ ಒಂದು ಮಾತು ಅಮ್ಮನ ಹತ್ತಿರ ಆಡುತ್ತೇನೆಂದು ಅಕ್ಕ ಹಟ ಹಿಡಿದಿದ್ದಳಂತೆ. ಭಾವ ಮತ್ತೆ ಮತ್ತೆ ಬೂತಿಗೆ ಓಡಿದ್ದರು. ಪ್ರತಿ ಸಲವೂ ಎಂಗೇಜ್. ಕೊನೆಗೆ ಅವಳು ಮಾತಾಡದೆಯೇ ಒಳಗೆ ಹೋದಳು.

ತಾಯಿ ಮಗು ಇಬ್ಬರೂ ಕ್ಷೇಮವೆಂದು ಮೇಷ್ಟ್ರ ಮನೆಯ ಫೋನಿನಲ್ಲಿ ಕೇಳಿ ಬಂದ ಅಮ್ಮ ನನ್ನನ್ನು ಬೈಯಲಿಲ್ಲ. ಇನ್ನೂ ಹೊಳೆಯುತ್ತಿದ್ದ ಪರದೆಯನ್ನು ನೋಡಿ, "ಇದರಲ್ಲಿ ಯಾರ ಹತ್ರ ಮಾತಾಡ್ತಿದ್ದೆ?" ಎಂದು ಕೇಳಿದರು ಅಷ್ಟೆ. ಯಾರ ಹತ್ತಿರವೂ ಅಲ್ಲ ಎಂದು ಹೇಳಲು ನಾಚಿಕೆಯಾಯಿತು.

ಆ ರಾತ್ರಿ ಹುಟ್ಟಿದವಳು ಈಗ ಸಾಫ್ಟ್‌ವೇರ್ ಎಂಜಿನಿಯರ್. ಮೊನ್ನೆ ಬಂದಾಗ ಕಪಾಟಿನಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ತೆಗೆದು, ಅದರ ಪಕ್ಕದ ಪುಟ್ಟ ತೂತು ತೋರಿಸಿ, "ಮಾಮಾ, ಇದು ಯಾತಕ್ಕೆ?" ಎಂದಳು.

"ಟೆಲಿಫೋನಿನ ತಂತಿ ಸಿಗಿಸೋದಕ್ಕೆ" ಎಂದೆ. ಉಳಿದದ್ದನ್ನು ಅವಳ ಅಮ್ಮ ಅಡುಗೆಮನೆಯಿಂದಲೇ ಹೇಳಿದಳು.