ಒಂಬತ್ತೂವರೆಯ ಫೋನು

2025ರ ಜೂನ್ ತಿಂಗಳ ಒಂದು ಭಾನುವಾರ, ಊಟಕ್ಕೆ ಕೂತಾಗ ಕೇಬಲ್‌ನವನ ಮೆಸೇಜು ಬಂತು. ತಿಂಗಳ ಬಿಲ್ಲು 412 ರೂಪಾಯಿಯಿಂದ 468ಕ್ಕೆ ಏರಿತ್ತು. ಬಾಯಿ ಮುಚ್ಚಿಕೊಂಡು ಕಟ್ಟಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ನಾನು ಅದನ್ನು ಗಟ್ಟಿಯಾಗಿ ಓದಿದೆ.

ಅವ್ವ ತುತ್ತು ಕೈಯಲ್ಲಿ ಹಿಡಿದೇ ಕೇಳಿದಳು: "ಬರೇ ಟಿವಿಗೆ? ತಿಂಗಳಿಗೆ? ತಗಸಿಬಿಡೋ ಯಪ್ಪಾ. ನಾ ಏನ ಟಿವಿ ನೋಡದ ಸಾಯ್ತೀನೇನು?"

ನಾನು ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನೋಡಿಕೊಳ್ಳುವವನು. ಬಳಸುವವರೇ ಬೇಡ ಅಂದಮೇಲೆ ಆ ಖರ್ಚನ್ನು ಮುಚ್ಚಿಬಿಡುವುದು ನನ್ನ ಕಸುಬಿನ ಅಭ್ಯಾಸ. ಹೆಂಡತಿ ಒಮ್ಮೆ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಮರುದಿನ ಐರೋಲಿಗೆ ಹೋಗುವಾಗ ಠಾಣೆಯಲ್ಲಿ ಗಾಡಿ ಬದಲಿಸುವ ಹೊತ್ತಿನಲ್ಲೇ ಕೇಬಲ್‌ನವನಿಗೆ ಫೋನ್ ಮಾಡಿ, "ಈ ತಿಂಗಳಿಂದ ಬಂದ್ ಮಾಡಿ" ಅಂದೆ. ಅವನೂ ಕಾರಣ ಕೇಳಲಿಲ್ಲ. ದಿನಕ್ಕೆ ಇಂಥ ಎಷ್ಟು ಫೋನು ಬರುತ್ತವೋ ಅವನಿಗೆ.

ಟಿವಿಗೆ ದುಡ್ಡು ಕೊಡುವುದು ನಮ್ಮ ಮನೆಗೆ ಹೊಸದೇನಲ್ಲ. ರೋಣದ ಮನೆಯ ಟ್ರಂಕಿನಲ್ಲಿ ಅಪ್ಪನ ರೇಡಿಯೊ ಲೈಸೆನ್ಸಿನ ಪುಸ್ತಕ ಇನ್ನೂ ಇದೆ. ಪೋಸ್ಟಾಫೀಸಿಗೆ ಹೋಗಿ ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಮುದ್ರೆ ಹೊಡೆಸಿಕೊಂಡು ಬಂದರೆ ಮಾತ್ರ ಧಾರವಾಡ ಆಕಾಶವಾಣಿ ಕೇಳಲು ಅಧಿಕೃತ ಅನುಮತಿ. ಟಿವಿಗೂ ಹಾಗೇ ಲೈಸೆನ್ಸ್ ಇತ್ತು. ಎಂಬತ್ತರ ದಶಕದ ಮಧ್ಯದಲ್ಲಿ ಅದು ಹೋಯಿತು. ಆಮೇಲೆ ಸುಮಾರು ವರ್ಷ ದೂರದರ್ಶನ ಪುಕ್ಕಟೆ, ಖರ್ಚೇನಿದ್ದರೂ ಆ್ಯಂಟೆನಾದ್ದು.

ಎಂಟೆಕ್ ಮುಗಿಸಿ 2004ರಲ್ಲಿ ನಾನು ಡೊಂಬಿವಲಿಗೆ ಬಂದಾಗ ಕೇಬಲ್ ಅಂದರೆ ಒಂದು ವೈರು, ಒಂದು ದರ, ತಿಂಗಳ ಮೊದಲ ವಾರ ಬಾಗಿಲು ಬಡಿಯುವ ಒಬ್ಬ ಹುಡುಗ. ಆ ವೈರಿನಲ್ಲಿ ಹಿಡಿಸುವ ಚಾನಲ್ಲುಗಳು ಲೆಕ್ಕದವು. ಕನ್ನಡ ಬೇಕಾದರೆ ಹತ್ತು ಮನೆಯವರು ಸೇರಿ ಕೇಳಬೇಕು. ನಮ್ಮ ಓಣಿಯಲ್ಲಿ ಒಬ್ಬ ಉಡುಪಿ ಹೋಟೆಲಿನ ಶೆಟ್ಟರು, ಒಬ್ಬ ಬ್ಯಾಂಕಿನವರು, ವಿಜಾಪುರದ ಕಡೆಯ ಎರಡು ಮನೆ, ಮೂರು ಜನ ನಮ್ಮಂಥ ಬಾಡಿಗೆಯ ಹುಡುಗರು ಎಲ್ಲ ಸೇರಿ ಹೋಗಿ ಕೇಳಿದ ಮೇಲೆ ಉದಯ ಟಿವಿ ಬಂತು. ಅದು ಬಂದ ದಿನ ಶೆಟ್ಟರು ಎಲ್ಲರಿಗೂ ಗೋಳಿಬಜೆ ಕೊಡಿಸಿದ್ದರು.

ಆಮೇಲಿನ ಕಥೆ ನಿಮಗೂ ಗೊತ್ತು. 2007ರ ಆರಂಭದಲ್ಲಿ ದಕ್ಷಿಣ ಮುಂಬೈಯಲ್ಲಿ ಸೆಟ್ ಟಾಪ್ ಬಾಕ್ಸ್ ಬಂತು. ಅಲ್ಲಿ ಉಚಿತ ಚಾನಲ್ಲುಗಳ ಕಟ್ಟು 77 ರೂಪಾಯಿ, ಪ್ರತಿ ಪೇ ಚಾನಲ್ಲಿಗೆ 5 ರೂಪಾಯಿ ಮಿತಿ. ಈಗ ಹೇಳಿದರೆ ಮಕ್ಕಳು ನಂಬುವುದಿಲ್ಲ. 2012ರ ಅಕ್ಟೋಬರ್ ಕೊನೆಗೆ ಇಡೀ ಮುಂಬೈ ಡಿಜಿಟಲ್ ಆಯಿತು, ಮರುವರ್ಷ ನಮ್ಮ ಸರದಿ. 2019ರಲ್ಲಿ ಟ್ರಾಯ್‌ನ ಹೊಸ ದರಪದ್ಧತಿ ಜಾರಿಗೆ ಬಂತು: ನೂರು ಚಾನಲ್ಲಿನ ತಳಪಾಯಕ್ಕೆ 130 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ನಮಗೆ ಬೇಕಾದ ಪೇ ಚಾನಲ್ಲನ್ನು ನಾವೇ ಆರಿಸಿಕೊಳ್ಳಬಹುದು. ಕಟ್ಟಿನಲ್ಲಿ ಸೇರಿಸಿ ಮಾರುವ ಚಾನಲ್ಲಿನ ಬೆಲೆ 19 ರೂಪಾಯಿ ಮೀರಬಾರದು. ಮಿತಿ 19 ಅಂದಕೂಡಲೇ ಜನ ಹೆಚ್ಚು ನೋಡುವ ಚಾನಲ್ಲುಗಳೆಲ್ಲ ಸಾಲಾಗಿ ಬಂದು 19ಕ್ಕೇ ನಿಂತವು. ಮಿತಿಯನ್ನು 12ಕ್ಕೆ ಇಳಿಸುವ ಆದೇಶ 2020ರ ಜನವರಿಯಲ್ಲಿ ಬಂತು, ವಿಷಯ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು, 2022ರ ನವೆಂಬರಿನಲ್ಲಿ ಟ್ರಾಯ್ ಮತ್ತೆ 19ಕ್ಕೇ ಮರಳಿತು. 2024ರ ಜುಲೈಯಲ್ಲಿ ತಳಪಾಯದ ಶುಲ್ಕಕ್ಕಿದ್ದ ಮಿತಿಯನ್ನೂ ತೆಗೆದುಹಾಕಿತು.

ಈ ಎಲ್ಲದರ ನಡುವೆ ನಮ್ಮಂಥವರಿಗೆ ಆದದ್ದು ಇಷ್ಟು. ಮಹಾರಾಷ್ಟ್ರದ ರೆಡಿಮೇಡ್ ಪ್ಯಾಕಿನಲ್ಲಿ ಹಿಂದಿ, ಮರಾಠಿ ಇರುತ್ತವೆ, ಕನ್ನಡ ಇರುವುದಿಲ್ಲ. ಬೇಕಾದರೆ ಅದನ್ನು ಮೇಲೆ ಸೇರಿಸಿಕೊಳ್ಳಬೇಕು. ಊರಲ್ಲಿದ್ದವರಿಗೆ ಮನೆಯ ನೀರಿನಂತೆ ಸಿಗುವ ಭಾಷೆಯನ್ನು ನಾವು ಬಾಟಲಿ ನೀರಿನಂತೆ ಕೊಳ್ಳಬೇಕು. ಇದರಲ್ಲಿ ಯಾರದೂ ತಪ್ಪಿಲ್ಲ, ಬೆಂಗಳೂರಿನ ಮರಾಠಿಗರಿಗೂ ಇದೇ ಗತಿ. ಆದರೆ ಈಗ ಹತ್ತು ಮನೆಯವರು ಸೇರಿ ಕೇಳುವ ಅಗತ್ಯವಿಲ್ಲ. ಒಬ್ಬೊಬ್ಬರೇ ಆರಿಸುತ್ತೇವೆ, ಒಬ್ಬೊಬ್ಬರೇ ಕಟ್ಟುತ್ತೇವೆ, ಸಾಕಾದರೆ ಒಬ್ಬೊಬ್ಬರೇ ತೆಗೆಸುತ್ತೇವೆ.

ತೆಗೆಸಿದ್ದಕ್ಕೆ ನನ್ನ ಹತ್ತಿರ ಒಳ್ಳೆಯ ಸಮರ್ಥನೆಯೂ ಇತ್ತು. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದೆ, ಸ್ಮಾರ್ಟ್ ಟಿವಿ ಇದೆ, ಕನ್ನಡ ಧಾರಾವಾಹಿಗಳೆಲ್ಲ ಆ್ಯಪಿನಲ್ಲಿ ಸಿಗುತ್ತವೆ. ಕಲರ್ಸ್ ಕನ್ನಡದ್ದು ಜಿಯೊಹಾಟ್‌ಸ್ಟಾರಿನಲ್ಲಿ, ಜೀ ಕನ್ನಡದ್ದು ಜೀ5ನಲ್ಲಿ, ಉದಯದ್ದು ಸನ್ ನೆಕ್ಸ್ಟ್‌ನಲ್ಲಿ. ಒಂದು ಶನಿವಾರ ಪೂರ್ತಿ ಕೂತು ಎಲ್ಲವನ್ನೂ ಹಾಕಿ, ಅವ್ವನ ಹೆಸರಿನಲ್ಲಿ ಒಂದು ಪ್ರೊಫೈಲ್ ಮಾಡಿ, ರಿಮೋಟಿನ ಗುಂಡಿಗೆ ಕೆಂಪು ಬಿಂದಿ ಅಂಟಿಸಿ, ಮೂರು ಸಲ ತೋರಿಸಿಕೊಟ್ಟೆ. "ಇನ್ನ ಆರು ಗಂಟೆಗೇ ಕೂಡಬೇಕಂತಿಲ್ಲವಾ, ಯಾವಾಗ ಬೇಕಾದ್ರೂ ನೋಡಬಹುದು" ಅಂದೆ.

"ಯಾವಾಗ ಬೇಕಾದ್ರೂ ಅಂದ್ರ, ಯಾವಾಗ ನೋಡಬೇಕೋ?" ಅಂದಳು.

ನಾವೆಲ್ಲ ನಕ್ಕೆವು. ಅದು ಜೋಕಲ್ಲ ಅಂತ ಗೊತ್ತಾಗಲು ನನಗೆ ಮೂರು ವಾರ ಬೇಕಾಯಿತು.

ಅವ್ವ ನಮ್ಮಲ್ಲಿಗೆ ಬಂದದ್ದು ಅಪ್ಪ ತೀರಿಕೊಂಡ ಮೇಲೆ, 2017ರಲ್ಲಿ. ಈಗ ಅವಳಿಗೆ ಎಪ್ಪತ್ಮೂರು. ಹಿಂದಿ ಬರುವುದು ಕಾಯಿಪಲ್ಲೆ ಕೊಳ್ಳುವಷ್ಟು, ಮರಾಠಿ ಪಕ್ಕದ ಮನೆಯ ಆಜಿಗೆ ನಗೆಯ ಜತೆ ಎರಡು ಮಾತು ಹೇಳುವಷ್ಟು. ಬೆಳಿಗ್ಗೆ ನಾವು ನಾಲ್ವರೂ ಹೊರಬಿದ್ದ ಮೇಲೆ ಮನೆಯಲ್ಲಿ ಅವಳೊಬ್ಬಳೇ. ಧಾರಾವಾಹಿಯ ಕನ್ನಡವೇನೂ ಅವಳ ಕನ್ನಡವಲ್ಲ. ಆ ಬೆಂಗಳೂರು-ಮೈಸೂರಿನ ಮಾತನ್ನು ಅವಳು ಅಣಕಿಸುತ್ತಲೇ ನೋಡುವುದು. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತು, ಹಿಂದಿಯ ಮಹಾಭಾರತ ಕನ್ನಡಕ್ಕೆ ಡಬ್ ಆಗಿ ಸ್ಟಾರ್ ಸುವರ್ಣದಲ್ಲಿ ಬಂದಾಗ, "ಇವ್ರಿಗಿಂತ ಆ ಶಕುನೀನ ಚಲೋ ಕನ್ನಡ ಮಾತಾಡ್ತಾನ" ಅಂದಿದ್ದಳು. ಹಾಗಾಗಿ ಭಾಷೆಯ ಹಂಬಲಕ್ಕೆ ಅವಳು ಟಿವಿ ನೋಡುತ್ತಾಳೆ ಅನ್ನುವ ದೊಡ್ಡ ಮಾತನ್ನು ನಾನು ಆಡಲಾರೆ.

ತೆಗೆಸಿದ ಮೇಲೆ ಅವಳು ದೂರಲಿಲ್ಲ. ಸಂಜೆ ಒಂದು ಕಂತು ಹಾಕಿಕೊಡು ಅಂತ ಮಗಳಿಗೆ ಹೇಳುವಳು. ಮಗಳಿಗೆ ಕ್ಲಾಸು. ಕೆಲವೊಮ್ಮೆ ತಾನೇ ಗುಂಡಿ ಒತ್ತಿ ಇಂಗ್ಲಿಷಿನ ಯಾವುದೋ ಪರದೆಯ ಮುಂದೆ ಸುಮ್ಮನೆ ಕೂತಿರುವಳು. ಆಮೇಲೆ ಒಂಬತ್ತಕ್ಕೇ ಮಲಗತೊಡಗಿದಳು. "ವಯಸ್ಸಾತಲ್ಲ" ಅಂದುಕೊಂಡೆ. ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್ ಇರುತ್ತಿದ್ದ ನನಗೆ ಹಾಲ್ ನಿಶ್ಶಬ್ದವಾದದ್ದು ಅನುಕೂಲವೇ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಜುಲೈ ಮೊದಲ ವಾರ ರೋಣದಿಂದ ಚಿಗವ್ವ ನನಗೇ ಫೋನ್ ಮಾಡಿದಳು. "ಅಕ್ಕಗ ಆರಾಮ ಐತಿಲ್ಲೋ? ಫೋನ ಮಾಡಾಂಗಿಲ್ಲ. ನಾ ಮಾಡಿದ್ರೂ ಎರಡ ಮಾತಾಡಿ ಇಡ್ತಾಳ."

ಆಗ ತಿಳಿದ ವಿಷಯ ಇದು. ಎಂಟು ವರ್ಷದಿಂದ ಅಕ್ಕ ತಂಗಿ ಇಬ್ಬರೂ ಆರುನೂರು ಕಿಲೋಮೀಟರ್ ಆಚೀಚೆ ಕೂತು ಒಂದೇ ಧಾರಾವಾಹಿಯನ್ನು ಒಂದೇ ಹೊತ್ತಿಗೆ ನೋಡುತ್ತಿದ್ದರು. ಒಂಬತ್ತೂವರೆಗೆ ಅದು ಮುಗಿದ ಕೂಡಲೇ ಫೋನು. ಮೊದಲು ಕಥೆಯ ಸೊಸೆಯ ಮಾತು, ಅಲ್ಲಿಂದ ಊರಿನ ಯಾರದೋ ಸೊಸೆಯ ಮಾತು, ಅಲ್ಲಿಂದ ಹೊಲ, ಮೊಣಕಾಲು ನೋವು, ಅಪ್ಪನ ನೆನಪು. ಮಕ್ಕಳ ಮುಂದೆ ಹೇಳದ್ದೆಲ್ಲ ಆ ಇಪ್ಪತ್ತು ನಿಮಿಷದಲ್ಲಿ. ಆ ಹೊತ್ತಿಗೆ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಳಗೆ ಕೂತಿರುತ್ತಿದ್ದೆ.

"ಈಗ ಆಕೀಗೆ ಕಥಿ ಗೊತ್ತಿರಂಗಿಲ್ಲ" ಅಂದಳು ಚಿಗವ್ವ. "ನಿನ್ನಿದು ಇನ್ನೂ ನೋಡಿಲ್ಲವಾ ಅಂತಾಳ. ಒಂದಿನ ಟಿವಿಯಾಗ ಬರೂಕಿಂತ ಮೊದಲ ನೋಡಿ ನನಗ ಹೇಳಿಬಿಟ್ಲು, ನಾ ಸಿಟ್ಟ ಮಾಡಿದೆ. ಮತ್ತ ಏನ ಮಾತಾಡೂದು? ಮಳಿ ಬಂತೇನು, ಊಟಾತೇನು, ಮುಗೀತು."

ಕೆಲವು ಆ್ಯಪುಗಳಲ್ಲಿ ದುಡ್ಡು ಕೊಟ್ಟವರಿಗೆ ಕಂತು ಟಿವಿಗಿಂತ ಮೊದಲೇ ಸಿಗುತ್ತದೆ. ಅದನ್ನು ಸೌಲಭ್ಯ ಅಂತಲೇ ಮಾರುತ್ತಾರೆ, ನಾನೂ ಹಾಗೆಂದೇ ಕೊಂಡಿದ್ದೆ.

ಆ ರಾತ್ರಿ ಎಕ್ಸೆಲ್ ತೆರೆದೆ. ಕೇಬಲ್ ತೆಗೆಸುವ ಮೊದಲೇ ಮಾಡಬೇಕಿದ್ದ ಲೆಕ್ಕ ಅದು. ಅವ್ವ ಸಂಜೆ ಆರರಿಂದ ಹತ್ತರವರೆಗೆ ನೋಡುತ್ತಿದ್ದಳು. ತಿಂಗಳಿಗೆ 120 ಗಂಟೆ. 468ನ್ನು ಅದರಿಂದ ಭಾಗಿಸಿದರೆ ಗಂಟೆಗೆ 3 ರೂಪಾಯಿ 90 ಪೈಸೆ. ಇತ್ತ ನಮ್ಮ ಓಟಿಟಿ: ನೆಟ್‌ಫ್ಲಿಕ್ಸ್ ತಿಂಗಳಿಗೆ 499, ಅಂದರೆ ವರ್ಷಕ್ಕೆ 5,988. ಪ್ರೈಮ್ 1,499. ಜಿಯೊಹಾಟ್‌ಸ್ಟಾರ್ ಪ್ರೀಮಿಯಂ 1,499. ಒಟ್ಟು 8,986, ತಿಂಗಳಿಗೆ ಸುಮಾರು 749. ಅವ್ವನಿಗಾಗಿ ಹಾಕಿದ ಉಳಿದ ಎರಡು ಆ್ಯಪುಗಳನ್ನು ಬಿಟ್ಟೇ ಇಷ್ಟು. ಹಿಂದಿನ ತಿಂಗಳ ವೀಕ್ಷಣೆಯ ಪಟ್ಟಿ ತೆಗೆದು ಕೂಡಿಸಿದೆ. ನಾವು ನಾಲ್ವರೂ ಸೇರಿ ನೋಡಿದ್ದು 22 ಗಂಟೆ. ಗಂಟೆಗೆ 34 ರೂಪಾಯಿ.

ಮನೆಯಲ್ಲಿ ಅತ್ಯಂತ ಅಗ್ಗವಾಗಿದ್ದನ್ನೇ ದುಬಾರಿ ಅಂತ ತೆಗೆಸಿದ್ದೆ. ಓಟಿಟಿಯ ದುಡ್ಡು ಕಾರ್ಡಿನಿಂದ ತಾನಾಗಿ ಕಡಿತವಾಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಕೇಬಲ್‌ನವನು ತಿಂಗಳು ತಿಂಗಳು ಕೇಳುತ್ತಾನೆ, ಕಣ್ಣಿಗೆ ಬೀಳುತ್ತಾನೆ. ಪ್ರೈಮಿನಲ್ಲಿ ಅದೇ ಜೂನ್‌ನಿಂದ ಜಾಹೀರಾತು ಶುರುವಾಗಿತ್ತು, ಜಾಹೀರಾತು ಬೇಡವಾದರೆ ವರ್ಷಕ್ಕೆ ಇನ್ನೂ 699 ಕೊಡಬೇಕಿತ್ತು. ಆ ಏರಿಕೆಯನ್ನು ನಾನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿರಲಿಲ್ಲ.

ಹಾಗಂತ ಬೆಲೆಯೇರಿಕೆ ಸರಿ ಅಂತ ನಾನು ಹೇಳುತ್ತಿಲ್ಲ. ನೋಡದ ಚಾನಲ್ಲಿಗೆ ದುಡ್ಡು ಕಟ್ಟಿಸಿಕೊಳ್ಳುವುದು ತಪ್ಪೇ. ದುಡ್ಡು ಕೊಟ್ಟೂ ಜಾಹೀರಾತು ನೋಡುವುದು ಬೇರೆ. ಒಂದು ರಾತ್ರಿ ಎಣಿಸಿದೆ, ಅರ್ಧ ಗಂಟೆಯ ಕಂತಿನಲ್ಲಿ ಕಥೆ ಇದ್ದದ್ದು ಇಪ್ಪತ್ತೊಂದು ನಿಮಿಷ. 2023ರ ಫೆಬ್ರುವರಿಯಲ್ಲಿ ದರದ ಜಗಳದಲ್ಲಿ ಬ್ರಾಡ್‌ಕಾಸ್ಟರುಗಳು ಅನೇಕ ಕೇಬಲ್ ಕಂಪನಿಗಳಿಗೆ ಚಾನಲ್ಲುಗಳನ್ನೇ ನಿಲ್ಲಿಸಿದ್ದರು. ಎರಡು ಕಡೆಯ ಜಗಳದಲ್ಲಿ ಪರದೆ ಕಪ್ಪಾದದ್ದು ತಿಂಗಳ ದುಡ್ಡು ಮುಂಗಡ ಕಟ್ಟಿದವರ ಮನೆಯಲ್ಲಿ. ಈ ವ್ಯಾಪಾರದಲ್ಲಿ ನಮ್ಮ ಪರವಾಗಿ ಕೂತವರು ಯಾರೂ ಇಲ್ಲ ಅನ್ನುವುದು ನನಗೆ ಆಗಲೇ ಗೊತ್ತಾಗಿತ್ತು.

ಆದರೆ ಆರಿಸಿಕೊಳ್ಳುವ ಹಕ್ಕು ಒಂದಿದೆ, ಅದನ್ನು ನಮ್ಮಲ್ಲಿ ಬಹಳ ಜನ ಬಳಸುವುದಿಲ್ಲ. ನಾನೂ ಬಳಸಿರಲಿಲ್ಲ. 2019ರಲ್ಲಿ ಕೇಬಲ್‌ನವನು ಕೊಟ್ಟ ರೆಡಿಮೇಡ್ ಪ್ಯಾಕಿಗೆ ಹೂಂ ಅಂದವನು ಮತ್ತೆ ತಿರುಗಿ ನೋಡಿರಲಿಲ್ಲ. ಈ ಸಲ ಅವನ ಆಫೀಸಿಗೇ ಹೋದೆ. ಹಿಂದಿ ಪ್ಯಾಕ್ ಬೇಡ, ಕ್ರೀಡೆ ಬೇಡ, ಇಂಗ್ಲಿಷ್ ಬೇಡ. ತಳಪಾಯ ಮತ್ತು ಕನ್ನಡ ಮಾತ್ರ ಅಂದೆ. ಉಚಿತ ಚಾನಲ್ಲುಗಳು, ದೂರದರ್ಶನದ ಚಂದನ ಎಲ್ಲ ತಳಪಾಯದಲ್ಲೇ ಬರುತ್ತವೆ. "ಸಾಬ್, ಅಯ್ಸಾ ಕೋಯೀ ನಹೀ ಲೇತಾ" ಅಂದ. ಆದರೆ ಕೊಟ್ಟ. ತೆರಿಗೆ ಎಲ್ಲ ಸೇರಿ 279 ರೂಪಾಯಿ. ಅವ್ವನ ಲೆಕ್ಕದಲ್ಲಿ ಗಂಟೆಗೆ ಎರಡೂಕಾಲು ರೂಪಾಯಿ ಚಿಲ್ಲರೆ. ಮನೆಗೆ ಬಂದು ನೆಟ್‌ಫ್ಲಿಕ್ಸನ್ನು 199ರ ಪ್ಲ್ಯಾನಿಗೆ ಇಳಿಸಿದೆ. ಮಗ ಎರಡು ದಿನ ಮುಖ ಊದಿಸಿಕೊಂಡ, ಮೂರನೇ ದಿನ ಮರೆತ.

ಹೆಂಡತಿ ಆಗ ಹೇಳಿದಳು: "ಅತ್ತಿ ಫೋನ್ ಮಾಡೋದು ಕಮ್ಮಿ ಆಗಿದ್ದು ನನಗ ಮೊದಲನೇ ವಾರಾನೇ ಗೊತ್ತಾಗಿತ್ತು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ."

ನಿಮ್ಮ ಮನೆಯಲ್ಲೂ ಈ ಮಾತು ನಡೆಯುತ್ತಿರಬಹುದು. ಕೇಬಲ್ ಬೇಕೋ ಬೇಡವೋ, ಯಾವ ಆ್ಯಪು ಉಳಿಸುವುದು, ಯಾವುದು ತೆಗೆಯುವುದು. ಒಬ್ಬರೇ ಇರುವ ಹುಡುಗರಿಗೆ ಕೇಬಲ್ ಖಂಡಿತ ಬೇಡ, ನಾನೂ ನಿಮ್ಮ ವಯಸ್ಸಿನಲ್ಲಿ ತೆಗೆಸುತ್ತಿದ್ದೆ. ನನ್ನ ಸಲಹೆ ಒಂದೇ. ತೆಗೆಸುವ ಮೊದಲು ಅದನ್ನು ಯಾರು ಎಷ್ಟು ಹೊತ್ತು ನೋಡುತ್ತಾರೆ ಅಂತ ಬರೆದುಕೊಳ್ಳಿ. ನೋಡಿ ಮುಗಿದ ಮೇಲೆ ಅವರು ಏನು ಮಾಡುತ್ತಾರೆ ಅನ್ನುವುದನ್ನೂ ಬರೆದುಕೊಳ್ಳಿ. ನನ್ನ ಎಕ್ಸೆಲ್ಲಿನಲ್ಲಿ ಆ ಕಾಲಮ್ಮು ಇರಲಿಲ್ಲ.

ಕೇಬಲ್ ಮರಳಿ ಬಂದ ಮೊದಲ ರಾತ್ರಿ ಒಂಬತ್ತೂವರೆಗೆ ನಾನು ಹೆಡ್‌ಫೋನ್ ತೆಗೆದಿಟ್ಟು ಕೂತಿದ್ದೆ. ಫೋನು ಬರಲಿಲ್ಲ. ಮರುದಿನವೂ ಇಲ್ಲ. ಮೂರು ವಾರದ ಕಥೆ ತಪ್ಪಿಹೋಗಿತ್ತಲ್ಲ, ಅವ್ವನಿಗೆ ಹಿಡಿತ ಸಿಕ್ಕಿರಲಿಲ್ಲ. ನಾಲ್ಕನೇ ದಿನ ಚಿಗವ್ವನೇ ಮಾಡಿದಳು. "ಅಯ್ಯ, ಆ ಹುಡುಗಿ ಹಂಗ್ಯಾಕ ಮಾಡಿದ್ಲು ಅಂತೀನಿ" ಅಂತ ಅವ್ವ ಶುರು ಮಾಡಿದ್ದು ಮುಗಿದಾಗ ಹತ್ತು ದಾಟಿತ್ತು. ಅವತ್ತು ಮೀಟಿಂಗಿನಲ್ಲಿ ಹಿಂದೆ ಯಾರೋ ಮಾತಾಡುತ್ತಿದ್ದಾರೆ ಅಂತ ಅಮೆರಿಕದವರು ಎರಡು ಸಲ ಹೇಳಿದರು.

ಕಳೆದ ವಾರ ಕೇಬಲ್‌ನವನಿಂದ ಮತ್ತೆ ಮೆಸೇಜು. ಮುಂದಿನ ತಿಂಗಳಿಂದ 30 ರೂಪಾಯಿ ಹೆಚ್ಚು. ನಾನು ಫೋನ್ ನೋಡುತ್ತಿದ್ದುದನ್ನು ಅವ್ವ ನೋಡಿದಳು.

"ಟಿವಿದೇನು? ಎಷ್ಟಾತೋ?"

"ನೂರಾ ಐವತ್ತವಾ" ಅಂದೆ.

"ಅದೂ ಜಾಸ್ತೀನ ಆತು" ಅಂದಳು.